ಆರ್ಡಿಸಳಿಗೆ ಬಿದ್ದ ಎಂಟು ಅಂಕ

ನಮ್ಮ ನಾರ್ತ್ ಡಕೋಟಾದವರಿಗೆ ಕಷ್ಟ ಹೇಳಿಕೊಳ್ಳುವುದೆಂದರೆ ಮಾನ ಹೋದ ಹಾಗೆ. ಕಟಾವು ಯಂತ್ರಕ್ಕೆ ಸಿಕ್ಕಿ ಎರಡು ಬೆರಳು ಹೋದ ದಿನವೂ ನಮ್ಮಪ್ಪ 'ಸ್ವಲ್ಪ ತಾಗಿದೆ' ಎಂದಿದ್ದ. ನನ್ನಕ್ಕ ಆರ್ಡಿಸ್ ಅವನದೇ ಅಚ್ಚು.

ಅವಳ ಗಂಡ ಆರ್ವಿಲ್‌ಗೆ ಮರೆವಿನ ಕಾಯಿಲೆ ಶುರುವಾಗಿ ಐದು ವರ್ಷ. ಹಸುಗಳನ್ನು ಮಾರಿ ಎಷ್ಟೋ ಕಾಲವಾಯಿತು, ಆದರೂ ಭಾವ ಹಾಲು ಕರೆಯಲು ಹೊರಟು ಹೆದ್ದಾರಿ ಸೇರುತ್ತಾನೆ. ಅದಕ್ಕೇ ಬಾಗಿಲಿಗೆ ಒಳಗಿನಿಂದ ಬೀಗ, ಬೀಗದ ಕೈ ಅಕ್ಕನ ಕೊರಳಲ್ಲಿ. ಅವನ ಜೊತೆ ಅವಳೂ ಸೆರೆ. ಚರ್ಚಿಗೆ ಬಂದು ವರ್ಷವಾಯಿತು.

ಇಂಥ ರೋಗಿಗಳನ್ನು ನೋಡಿಕೊಳ್ಳುವವರ ಭಾರ ಎಷ್ಟೆಂದು ಅಳೆಯಲು ಕ್ಲಿನಿಕ್ಕಿನಲ್ಲಿ ಇಪ್ಪತ್ತೆರಡು ಪ್ರಶ್ನೆ ಕೇಳುತ್ತಾರೆ. ನಲವತ್ತು ಅಂಕ ದಾಟಿದರೆ ವಾರಕ್ಕೆರಡು ದಿನ ರೋಗಿಯನ್ನು ಅವರೇ ಇಟ್ಟುಕೊಳ್ಳುತ್ತಾರೆ. ಖಾಲಿಯಿದ್ದದ್ದು ಒಂದೇ ಜಾಗ.

"ಇದ್ದದ್ದು ಇದ್ದ ಹಾಗೆ ಹೇಳೇ, ನಿನ್ನ ದಮ್ಮಯ್ಯ" ಎಂದು ದಾರಿಯುದ್ದಕ್ಕೂ ಗೋಗರೆದೆ.

ಅಲ್ಲಿ ಭಾವ ಅವಳ ತೋಳು ಹಿಡಿದು ಪಕ್ಕದಲ್ಲೇ ಕೂತ.

"ಅವರ ಮೇಲೆ ಕೋಪ ಬರತ್ತಾ?" ನರ್ಸ್ ಕೇಳಿದಳು.

"ಹಾಗೇನಿಲ್ಲ."

"ಸಿಕ್ಕಿಹಾಕ್ಕೊಂಡಿದೀನಿ ಅನ್ಸತ್ತಾ?"

ಅಕ್ಕ ಕೊರಳಿನ ಬೀಗದ ಕೈಯನ್ನು ಮುಟ್ಟಿಕೊಂಡಳು. "ಪರವಾಗಿಲ್ಲ, ನಡೀತಿದೆ."

ನಾನು ಬಾಯಿ ತೆರೆದರೆ, ಉತ್ತರ ಅಕ್ಕನದೇ ಆಗಬೇಕೆಂದು ನರ್ಸ್ ತಡೆದಳು. ಕೊನೆಗೆ ಬಂದದ್ದು ಎಂಟು. "ತುಂಬ ಚೆನ್ನಾಗಿ ನಿಭಾಯಿಸ್ತಿದೀರಿ" ಎಂದು ಹೊಗಳಿದಳು. ಅಕ್ಕ, ಪುಣ್ಯಾತ್ಗಿತ್ತಿ, ತಾನು ಮಾಡಿ ತಂದಿದ್ದ ಕೇಕನ್ನು ಅವಳ ಕೈಗಿಟ್ಟಳು. ಜಾಗ ಬೇರೆಯವರ ಪಾಲಾಯಿತು.

ಮನೆ ಸೇರಿ, ಭಾವ ಕುರ್ಚಿಯಲ್ಲಿ ನಿದ್ದೆ ಹೋದ ಮೇಲೆ ನಾನು ಉರಿದುಬಿದ್ದೆ. "ಎಂಟಂತೆ ಎಂಟು. ನಿನಗೇನು ತಲೆ ನೆಟ್ಟಗಿಲ್ವಾ?"

"ಅವರು ಪಕ್ಕದಲ್ಲೇ ಇದ್ರು ಕಣೆ ವರ್ನಾ. ಅವರೆದುರಿಗೇ ಅವರನ್ನ ಹೊರೆ ಅನ್ನಲಾ?"

"ನಾನಿರ್ತೀನಿ, ಒಂದು ಗಂಟೆ ಎಲ್ಲಾದ್ರೂ ಹೋಗಿ ಬಾ" ಎಂದೆ.

ಬೀಗ ತೆಗೆದು ಹೊರಟಳು. ಕಾರು ಹತ್ತಿದಳು, ಆದರೆ ಕಾರು ಅಂಗಳ ಬಿಟ್ಟು ಕದಲಲಿಲ್ಲ. ಕಿಟಕಿಯಿಂದ ನೋಡುತ್ತಿದ್ದೆ: ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಕೂತಿದ್ದಳು, ಹೆಗಲು ಅದುರುತ್ತಿತ್ತು. ಹೋಗಿ ತಬ್ಬಿಕೊಳ್ಳಬೇಕೆನಿಸಿತು. ಒಳಗೆ ಭಾವನಿದ್ದ, ಹೋಗಲಾಗಲಿಲ್ಲ.

ಹತ್ತೇ ನಿಮಿಷಕ್ಕೆ ಮುಖ ಒರೆಸಿಕೊಂಡು ಬಂದಳು.

"ಯಾಕೆ ಹೋಗಲಿಲ್ಲ?"

"ಎಲ್ಲಿಗೆ ಅಂತ ಹೊಳೀಲಿಲ್ಲ" ಎಂದು ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡಳು.

ಮುಂದಿನ ಅಳತೆ ಇನ್ನಾರು ತಿಂಗಳಿಗಂತೆ.