ನಲ್ಲಿ ಬಾರದ ಕೇರಿಯ ಬೆಟ್ಟಮ್ಮ

ಹಾಸನದ ತಗ್ಗಿನ ಕೇರಿಯಲ್ಲಿ ಬೆಟ್ಟಮ್ಮನಿಗೆ ಎದುರು ಹೇಳುವವರಿರಲಿಲ್ಲ. ಕಟ್ಟಾಯದಿಂದ ಮದುವೆಯಾಗಿ ಬಂದವಳು, ಬೇಗ ಗಂಡನನ್ನು ಕಳೆದುಕೊಂಡು, ಗಾರೆ ಕೆಲಸದಲ್ಲಿ ಮಣ್ಣು ಹೊತ್ತು ಮಗ ಚಲುವಯ್ಯನನ್ನು ಸಾಕಿದ್ದಳು. ಹೆಂಚಿನ ಪುಟ್ಟ ಮನೆಯೊಂದೇ ಆಕೆಯ ಗಳಿಕೆ.

ಕೇರಿಗೆ ಇದ್ದದ್ದು ಒಂದೇ ಬಾವಿ. ಮಳೆಗಾಲದಲ್ಲಿ ಪಕ್ಕದ ಚರಂಡಿ ಅದರೊಳಕ್ಕೇ ಇಳಿಯುತ್ತಿತ್ತು. ಸೊಸೆ ಪುಟ್ಟತಾಯಮ್ಮನ ಮೊದಲ ಮಗು ವಾಂತಿಭೇದಿಯಲ್ಲಿ ಹೋಗಿತ್ತು. ಈಗ ಎರಡನೆಯದು ಮಡಿಲಲ್ಲಿತ್ತು.

ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆ. ಊರು ಬೆಳೆಸುವ ಯೋಜನೆಗಾಗಿ, ಜನ ಹೇಗೆ ಬದುಕುತ್ತಿದ್ದಾರೆಂದು ವಿಚಾರಿಸಲು ಅಧಿಕಾರಿ ಬರುತ್ತಾನೆಂದು ಸುದ್ದಿಯಾಯಿತು. ಬೆಟ್ಟಮ್ಮ ಹೆದರಿದಳು. ಆಕೆ ಹುಡುಗಿಯಾಗಿದ್ದಾಗ, ಪ್ಲೇಗಿನ ವರ್ಷ, ಹೀಗೆಯೇ ಕೆಲವರು ವಿಚಾರಿಸಲು ಬಂದಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದದ್ದನ್ನು ಅಪ್ಪ ಇದ್ದಂತೆ ಹೇಳಿದ. ಮರುದಿನವೇ ಮನೆಯ ಹೆಂಚು ಇಳಿಸಿ, ಎಲ್ಲರನ್ನೂ ಊರಾಚೆಯ ಗುಡಿಸಲಿಗೆ ಅಟ್ಟಿದರು. ಆ ಮನೆಗೆ ಅವರು ಮತ್ತೆ ಹೋಗಲಿಲ್ಲ.

“ಯಾರೂ ಕಷ್ಟ ಅನ್ಬ್ಯಾಡಿ. ಅಂದ್ರೆ ಮನೆ ಕೆಡವ್ಬುಡ್ತಾರೆ,” ಎಂದು ಮನೆಮನೆಗೂ ಹೇಳಿ ಬಂದಳು.

“ನೀರಿನ ಇಚಾರನಾದ್ರೂ ಯೋಳಾನ ಅತ್ತೆ,” ಎಂದಳು ಸೊಸೆ.

“ಬಾಯ್ಮುಚ್ಕಂಡಿರು. ಮಗೀನ ಬೀದಿಲಿ ಮಲಗುಸ್ತೀಯಾ?”

ಅಧಿಕಾರಿ ಬಂದ. ಒಳ್ಳೆಯ ಹುಡುಗ, ಮೆತ್ತನೆಯ ಮಾತು. ನೀರು ಹೇಗಿದೆಯಮ್ಮ ಎಂದ.

“ಎಳ್ನೀರಿದ್ದಂಗೈತೆ ಸಾ!” ಬೆಟ್ಟಮ್ಮ ಅವನೆದುರೇ ಒಂದು ಚೆಂಬು ಕುಡಿದಳು.

“ಬಗ್ಗಿ ನೋಡ್ಬ್ಯಾಡಿ ಸಾ, ಬಾವಿಯೊಳಗಿನ ತೆಂಗಿನ್ಮರ ತಲೆಗೊಡೀತದೆ,” ಎಂದ ನೆರೆಮನೆಯ ಮಂಚಯ್ಯ. ಕೇರಿಯೆಲ್ಲ ನಕ್ಕಿತು. ಅಧಿಕಾರಿಯೂ ನಕ್ಕ. ಪುಟ್ಟತಾಯಮ್ಮ ಮಗುವಿಗೆ ಸೆರಗು ಹೊದಿಸಿಕೊಂಡು ಒಳಗೆ ಹೋದಳು.

ಮರುವರ್ಷ ಮೇಲಿನ ಬೀದಿಗಳಿಗೆಲ್ಲ ನಲ್ಲಿ ಬಂತು. ಕೇರಿಗೆ ಬರಲಿಲ್ಲ. ಆ ಮಳೆಗಾಲದಲ್ಲಿ ಎರಡನೆಯ ಮಗುವೂ ಅದೇ ಬೇನೆಯಲ್ಲಿ ಹೋಯಿತು.

ಮಣ್ಣು ಮಾಡಿ ಬಂದ ವಾರದಲ್ಲೇ ಬೆಟ್ಟಮ್ಮ ಯೋಜನೆಯ ಕಚೇರಿಗೆ ಹೋದಳು. ಅದೇ ಅಧಿಕಾರಿ ಕುಳಿತಿದ್ದ.

“ನಾ ಸುಳ್ಳೇಳ್ದೆ ಸಾ. ಅದು ಕುಡಿಯೋ ನೀರಲ್ಲ. ಬೇಕಾರೆ ಮನೆ ಕೆಡವ್ಕಳಿ, ಒಂದು ನಲ್ಲಿ ಕೊಡಿ.”

“ಕೆಡವೋದಾ? ಯಾರಮ್ಮ ಹಾಗಂದೋರು? ನಲ್ಲಿ ಮೊದಲು ಯಾರಿಗೆ ಬೇಕು ಅಂತ ತಿಳ್ಕೊಳ್ಳೋಕೇ ನಾನು ಬಂದಿದ್ದು.”

ಇನ್ನು ಮುಂದಿನ ಯೋಜನೆಯವರೆಗೆ ಏನೂ ಮಾಡುವಂತಿಲ್ಲ ಎಂದ. ಆ ಮಾತು ಆಕೆಯ ಕಿವಿಗೆ ಬೀಳಲಿಲ್ಲ.

ಮನೆಯ ಬಾಗಿಲಲ್ಲಿ ಪುಟ್ಟತಾಯಮ್ಮ ಕಾಯುತ್ತಿದ್ದಳು. ಮಗು ಹೋದ ಮೇಲೆ ಮೊದಲ ಸಲ ಅತ್ತೆಯೊಡನೆ ಮಾತಾಡಿದಳು.

“ಏನಂದ್ರು?”

ಬೆಟ್ಟಮ್ಮ ಕಂಬ ಹಿಡಿದುಕೊಂಡಳು. “ಆಪೀಸು ಬಾಗ್ಲಾಕಿತ್ತು ಕಣವ್ವ.”

“ನಾಳೀಕೆ ಇನ್ನೊಂದ್ಸಲ ಓಗು ಅತ್ತೆ,” ಎಂದು ಸೊಸೆ ಕೊಡ ಎತ್ತಿಕೊಂಡು ಬಾವಿಯತ್ತ ನಡೆದಳು.