ಒಲೆಯ ಮುಂದೆ ಬಿಗಿ ಕಾಲುಚೀಲ

ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ಯಾದಗಿರಿ ಕಡೆಯ ಯಂಕಮ್ಮ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿಯುತ್ತಾರೆ. ಊರಲ್ಲಿ ಕೂತು ಬಡಿಯುತ್ತಿದ್ದರು. ಇಲ್ಲಿ ಕಲ್ಲಿನ ಕಟ್ಟೆ, ಒಂಬತ್ತು ತಾಸು ನಿಂತೇ ಬಡಿಯಬೇಕು. ಇಪ್ಪತ್ತು ವರ್ಷ ನಿಂತದ್ದಕ್ಕೆ ಅವರ ಎಡಗಾಲಿನ ನರ ಉಬ್ಬಿ ಕಣಕಾಲಿನ ಒಳಬದಿ ಹುಣ್ಣಾಯಿತು. ಅಷ್ಟೂ ವರ್ಷ ಅಲ್ಲಿನ ಗಿರಾಕಿಯಾಗಿ ಅದೇ ರೊಟ್ಟಿ ಕೂತು ತಿಂದದ್ದಕ್ಕೆ ನನಗೆ ಬಂದದ್ದು ಹೊಟ್ಟೆಯೊಂದೇ.

ಹುಣ್ಣು ಮಾಯಲು ಎಂಟು ತಿಂಗಳು ಹಿಡಿಯಿತು. ಇನ್ನೊಮ್ಮೆ ಆದರೆ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆಂದು ಮಾಲಕ ಮಾಣಿಕಪ್ಪ ಹೇಳಿಯೇಬಿಟ್ಟಿದ್ದ. ಮತ್ತೆ ಆಗದಿರಲೆಂದು ವೈದ್ಯರು, ನಿಂತಾಗ ರಕ್ತ ಕೆಳಗೆ ತಂಗದಂತೆ ಒತ್ತಿ ಹಿಡಿಯುವ, ಮೊಣಕಾಲಿನ ತನಕ ಬರುವ ಬಿಗಿ ಕಾಲುಚೀಲ ಬರೆದುಕೊಟ್ಟರು. ಹಾಸಿಗೆಯಿಂದ ಏಳುವ ಮೊದಲೇ ಹಾಕಬೇಕು, ಮಲಗುವಾಗ ತೆಗೆಯಬೇಕು. ಹೇಗೆ ಹಾಕುವುದೆಂದು ತೋರಿಸಲು ಹೋಗಿ ನಾನು ನನ್ನ ಕಾಲಿಗೇ ಏರಿಸಿದೆ. ಹಿಮ್ಮಡಿಯಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಇಬ್ಬರು ಬೇಕಾಯಿತು.

ಎರಡು ತಿಂಗಳಾದ ಮೇಲೆ ಒಂದು ದಿನ ಯಂಕಮ್ಮ ರೊಟ್ಟಿ ಬಡಿಯುತ್ತಲೇ ಬಲಗಾಲಿನಿಂದ ಎಡಗಾಲು ತುರಿಸಿಕೊಳ್ಳುತ್ತಿದ್ದರು. ಸೀರೆಯಂಚಿನ ಕೆಳಗೆ ಚರ್ಮ ಕಪ್ಪಾಗಿ ಮಿಂಚುತ್ತಿತ್ತು. ಕಾಲು ಬರಿದು.

"ಕಾಲುಚೀಲ ಎಲ್ಲಿ ಯಂಕಮ್ಮಾರ?"

"ಕೈಚೀಲದಾಗ ಐತ್ರಿ. ಅದನ್ನ ಹಾಕ್ಕೊಂಡು ಒಲಿ ಮುಂದ ನಿಂದರಾಕ ಬರತೈತೇನ್ರಿ? ನಮ್ಮವ್ವ ಚಪ್ಪಲಿ ಹೊಸ್ತಿಲ ಆಚೆ ಬಿಡಸ್ತಿದ್ದಳು. ಮನಿಗೆ ಹೋಗಿ ಮಲಗೂ ಮುಂದ ಹಾಕ್ಕೋತೀನಿ. ತಾಸಿಗೆ ತಾಸು ಸರಿ ಆತಲ್ರಿ."

ನಿಂತಾಗ ಬರಿಗಾಲು, ಮಲಗಿದಾಗ ಬಿಗಿ. ವಾಕಿಂಗ್ ಬೂಟು ಹಾಕಿಕೊಂಡು ಸೋಫಾದಲ್ಲಿ ಕೂತು ಟೀವಿ ನೋಡುವವನು ನಾನು. ಯಾವ ಬಾಯಲ್ಲಿ ಬುದ್ಧಿ ಹೇಳಲಿ? ಬುಧವಾರ ಕರೆದುಕೊಂಡು ಆಸ್ಪತ್ರೆಗೆ ಹೋದೆ.

ಅಲ್ಲಿನ ನರ್ಸು ಭಕ್ತಿ ಬೀದರದ ಹುಡುಗಿ. ಒಲೆಯ ಸಂಗತಿ ನನ್ನಿಂದ ಕೇಳಿಕೊಂಡು ಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಕುಳಿ ಬಿದ್ದದ್ದು ಏಳಲೇ ಇಲ್ಲ.

"ಅಕ್ಕಾ, ಎಂಟು ತಿಂಗಳ ಪಟ್ಟಿ ಕಟ್ಕೊಂಡು ಎಲ್ಲಿ ನಿಂತಿದ್ರಿ?"

"ಒಲಿ ಮುಂದ."

"ಆಗ ಒಲಿ ಸಿಟ್ಟಾಗಿದ್ದಿಲ್ಲೇನು?"

"ಅದು ಗಾಯಕ್ಕವ್ವಾ. ಇದು ಶೋಕಿ ಸಾಮಾನು."

"ಈ ಮಣ್ಣಿನ ಬಣ್ಣದ್ದು ಶೋಕಿಗೆ ಯಾರರ ಹಾಕ್ಕೋತಾರೇನಕ್ಕಾ?"

ಯಂಕಮ್ಮ ನಗಲಿಲ್ಲ. ಹುಣ್ಣು ಬಾಯಿ ಬಿಡಲು ಇನ್ನು ಹದಿನೈದು ದಿನವೂ ಬೇಡ ಎಂದು ಭಕ್ತಿ ಮೆಲ್ಲಗೆ ಹೇಳಿದಳು. ವೈದ್ಯರು ನೋಡಿದ ಮೇಲೆ ಕಾಲಿನ ಅಳತೆ ತೆಗೆದು, ಒಲೆಯ ಮುಂದೆ ಬರಿಗಾಲೆಂದೇ ಅನಿಸಲೆಂದು ಬೆರಳು ಹೊರಗಿರುವಂಥ ಹೊಸ ಜೋಡಿ ಕೊಟ್ಟಳು.

"ಎಷ್ಟ್ ದಿನ ಹಾಕ್ಕೋಬೇಕವ್ವಾ?"

"ನಿಮ್ಮ ಕಾಲಮ್ಯಾಲ ನೀವು ನಿಂದರೂ ತನಕ."

"ಅಂದ್ರ ಸಾಯೂ ತನಕ ಅನ್ನು," ಎಂದು ಯಂಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು.

ಮರುದಿನ ಕಾಲುಚೀಲ ಹಾಕಿಕೊಂಡೇ ಅಡುಗೆಮನೆಗೆ ಬಂದರು. ಒಲೆಗೆ ಕೈಮುಗಿದು, "ತಪ್ಪಾತು, ಹೊಟ್ಟಿಪಾಡು" ಎಂದು ಹಿಟ್ಟು ಎಳೆದುಕೊಂಡರು. ಅವತ್ತು ರೊಟ್ಟಿ ದಪ್ಪ ಬಂದವು. ಚೀಲ ಏರಿಸುವಷ್ಟರಲ್ಲೇ ಕೈ ಸೋತಿತ್ತಂತೆ. ಗಿರಾಕಿಗಳು ಎಂದಿನಂತೆ ಮುರಿದು ತಿಂದರು. ಮಾಣಿಕಪ್ಪ ಒಮ್ಮೆ ಕಾಲು ನೋಡಿ, ನಾಳೆಯ ಹಿಟ್ಟನ್ನೂ ಅವರ ಕಟ್ಟೆಯ ಪಕ್ಕಕ್ಕೇ ಇಳಿಸಿ ಹೋದ.