ಜಪಾನಿನ ಎರಡು ಡಬ್ಬಿ, ಹೊಳಗುಂದದ ಒಬ್ಬ ರಾಣಿ

ನಮ್ಮ ಹೊಳಗುಂದದ ಭೀಮಲಿಂಗಪ್ಪನಿಗೆ ಎಪ್ಪತ್ತೆಂಟು ಕುರಿ, ಒಬ್ಬ ಹೆಂಡತಿ, ವರ್ಷಕ್ಕೊಂದು ಸಲ ಸಿಗುವ ಪಟ್ಟದ ರಾಣಿಯ ಪಾತ್ರ, ಇಷ್ಟೇ ಆಸ್ತಿ. ಇವುಗಳಲ್ಲಿ ಯಾವುದು ಹೆಚ್ಚು ಎಂದು ಯಾರಾದರೂ ಕೇಳಿದರೆ, ಹೆಂಡತಿ ಬಸವಕ್ಕ ಹತ್ತಿರದಲ್ಲಿ ಇದ್ದಾಳೆಯೇ ಎಂದು ನೋಡಿಕೊಂಡು ಆಮೇಲೆ ಉತ್ತರ ಕೊಡುತ್ತಿದ್ದ.

ಪಾತ್ರ ಅಂದರೆ ಬಯಲಾಟದ್ದು. ನಮ್ಮ ಕಡೆಯ ಆಟದಲ್ಲಿ ಹೆಣ್ಣಿನ ವೇಷವನ್ನೂ ಗಂಡಸರೇ ಹಾಕಬೇಕು. ಭೀಮಲಿಂಗಪ್ಪ ಹದಿನಾಲ್ಕು ವರ್ಷದಿಂದ ರಾಣಿ. ವರ್ಷವೆಲ್ಲ ಹಾಲಹರವಿಯ ತನಕ ಬಿಸಿಲಲ್ಲಿ ಕುರಿಗಳ ಹಿಂದೆ ಅಲೆಯುವ ಈ ಮನುಷ್ಯ ಯುಗಾದಿಯ ಹೊತ್ತಿಗೆ ಸೀರೆ ಉಟ್ಟು, ಕಿರೀಟ ಇಟ್ಟು ಎದುರಿಗೆ ಬಂದು ನಿಂತನೆಂದರೆ, ದೇವರಾಣೆ, ಅವನನ್ನು ಏಕವಚನದಲ್ಲಿ ಮಾತಾಡಿಸಲು ನನಗೆ ಬಾಯಿ ಬರುತ್ತಿರಲಿಲ್ಲ. ಮುಂದೆ ಕುಳಿತ ಹೆಂಗಸರು 'ನಮ್ಮವ್ವ ಬಂದ್ಲು' ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಮರುದಿನ ಮತ್ತೆ ಕಂಬಳಿ, ಮತ್ತೆ ಕುರಿ. ಆಗ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಆದರೆ ಮುಖ ಎಷ್ಟಂತ ತಡೆದೀತು? ಒಂದು ಕಡೆ ವರ್ಷವೆಲ್ಲ ಬಿಸಿಲು, ಗಾಳಿ. ಇನ್ನೊಂದು ಕಡೆ ಬಿಳಿ ಸಫೇದ, ಹಳದಿ ಅರದಾಳ, ಕೆಂಪು ಇಂಗಳೀಕ. ಆ ಬಣ್ಣ ಒಣಗಿತೆಂದರೆ ಚರ್ಮವನ್ನು ಹಿಡಿದು ಎಳೆಯುತ್ತದೆ. ಎಂಬತ್ತಮೂರನೇ ಇಸವಿಯ ಆಟದಲ್ಲಿ ಹಾಡಿನ ಮಧ್ಯೆಯೇ ಅವನ ಕೆನ್ನೆ ಬಿರಿದು, ಬಣ್ಣದ ಮೇಲೆ ರಕ್ತ ಒಂದೆಳೆ ಇಳಿಯಿತು. ಹೆಂಗಸರು ಅದೂ ಆಟದ್ದೇ ಎಂದುಕೊಂಡು 'ಏನು ಕಳೆ!' ಎಂದು ಕೈಮುಗಿದರು. ಆಟ ಕಲಿಸಿ ಪಾತ್ರ ಹಂಚುವ ಏಕಾಂತಪ್ಪ ಮಾಸ್ತರು ಮಾತ್ರ ಕೈಮುಗಿಯಲಿಲ್ಲ.

"ಭೀಮಾ, ನಿನ್ನ ಮಕ ಹರದು ಹೋಗೈತಿ," ಎಂದರು. "ಬರೋ ಸಲ ಮೊದ್ಲು ಬಣ್ಣದ ಪರೀಕ್ಷಿ ಮಾಡ್ತೀನಿ. ಮದ್ಯಾನ ಬಣ್ಣ ಬಳಕೊಂಡು ಹೊತ್ತು ಮುಣಗೋತನ ಕುಂದ್ರಬೇಕು. ತಗದಾಗ ಚರ್ಮ ನೆಟ್ಟಗಿತ್ತಂದ್ರ ನೀನಽ ರಾಣಿ. ಇಲ್ಲಂದ್ರ ಓಬಳೇಶ."

ಓಬಳೇಶ ಊರಿನ ಹಿಟ್ಟಿನ ಗಿರಣಿ ನಡೆಸುವವನು. ಹೊಸದಾಗಿ ಮದುವೆಯಾದವನು, ಮಿರಮಿರ ಮಿಂಚುವ ಮುಖದವನು. ಧ್ವನಿ ಮಾತ್ರ ಅವನ ಗಿರಣಿಯದೇ. ಅವನ ಬಾಯಲ್ಲಿ ರಾಣಿಯ ಹಾಡು ಕೇಳುವುದಕ್ಕಿಂತ ಊರು ಬಿಡುವುದು ವಾಸಿ ಎಂದು ನಾನು ಬಹಿರಂಗವಾಗಿಯೇ ಹೇಳಿದ್ದೆ.

ನಾನು ಸೇತುಮಾಧವ, ಊರಿನ ಪೋಸ್ಟ್ ಮಾಸ್ತರ, ಜನರ ಬಾಯಲ್ಲಿ ಆಚಾರ್ರು. ಬಾಯಿ ಸ್ವಲ್ಪ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಕನ್ನಡವನ್ನು ಬಳ್ಳಾರಿಯಲ್ಲಿ ಓದಿದ್ದೇನೆ, ಇಂಗ್ಲಿಷು ಬರುತ್ತದೆ, ತೆಲುಗನ್ನು ಆದೋನಿಯ ಅಂಗಡಿಗಳಲ್ಲಿ ನಿಂತು ನಿಂತೇ ಕಲಿತೆ. ಊರಿಗೆ ಬಂದ ಕಾಗದವನ್ನೆಲ್ಲ ನಾನೇ ಓದಿ ಹೇಳಬೇಕು. ಹಾಗಾಗಿ ನನಗೆ ಬಾರದ ಅಕ್ಷರವೇ ಇಲ್ಲ ಎಂದು ಜನ ನಂಬಿದ್ದರು. ಬರಬರುತ್ತ ನಾನೂ ನಂಬಿದ್ದೆ.

ಎಂಬತ್ತನಾಲ್ಕರ ಸಂಕ್ರಾಂತಿ ಮುಗಿದ ವಾರ ಆದೋನಿಯ ಬಸ್ಸಿನಲ್ಲಿ ಕಂಡಕ್ಟರು ಭೀಮಲಿಂಗಪ್ಪನಿಗೆಂದು ನನ್ನ ಕೈಗೆ ಒಂದು ಗಂಟು ತಂದುಕೊಟ್ಟ. ಕಳಿಸಿದವನು ಆದೋನಿಯ ದಸ್ತಗಿರಿ. ನಮ್ಮ ಆಟಕ್ಕೆ ಎಂಟು ವರ್ಷ ಹಾರ್ಮೋನಿಯಂ ಬಾರಿಸಿ ಆಮೇಲೆ ಕುವೈತಿಗೆ ಹೋಗಿ, ಅಲ್ಲಿ ಯಾವುದೋ ಸೌಂದರ್ಯದ ಸಾಮಾನಿನ ಅಂಗಡಿಯಲ್ಲಿ ಡ್ರೈವರಾಗಿದ್ದ. ತಂಗಿಯ ಮದುವೆಗೆಂದು ಬಂದವನು ಹೊಳಗುಂದಕ್ಕೆ ಬರಲು ಪುರಸೊತ್ತಿಲ್ಲದೆ, ಗಂಟು ಕಳಿಸಿ ಅಂದೇ ಬೊಂಬಾಯಿಯ ರೈಲು ಹತ್ತಿದ್ದ.

ಗಂಟಿನಲ್ಲಿ ಎರಡು ಗಾಜಿನ ಡಬ್ಬಿ. ಒಂದಕ್ಕೆ ನೀಲಿ ಮುಚ್ಚಳ, ಒಂದಕ್ಕೆ ಗುಲಾಬಿ. ಮುಚ್ಚಳ ತೆಗೆದರೆ ಒಳಗೆ ಬೆಳ್ಳನೆಯ ಕೆನೆ! ಪೋಸ್ಟಾಫೀಸಿನ ಅರಗಿನ ವಾಸನೆಯನ್ನೆಲ್ಲ ಒಂದೇ ಕ್ಷಣದಲ್ಲಿ ಓಡಿಸಿಬಿಟ್ಟ ಪರಿಮಳ! ಭೀಮಲಿಂಗಪ್ಪ ಕುರಿಗಳನ್ನು ಹಾದಿಯಲ್ಲೇ ಬಿಟ್ಟು ಓಡಿಬಂದ. ಅವನ ಹಿಂದೆ ಊರು ಬಂತು.

"ಏನಂತ ಬರದೈತ್ರಿ ಆಚಾರ್ರ?"

ಬರೆದದ್ದೇನೋ ಇತ್ತು. ಚೌಕದೊಳಗೆ ಕಡ್ಡಿ, ಕಡ್ಡಿಯ ಮೇಲೆ ಕಡ್ಡಿ. ಡಬ್ಬಿಯನ್ನು ತಿರುಗಿಸಿ ನೋಡಿದೆ, ಮಗುಚಿ ನೋಡಿದೆ. ತಳದಲ್ಲಿ 'ಮೇಡ್ ಇನ್ ಜಪಾನ್' ಎಂದು ಇಂಗ್ಲಿಷಿನಲ್ಲಿ ಒಂದೇ ಸಾಲು ಸಿಕ್ಕಿತು, ಅದನ್ನೇ ದೊಡ್ಡ ದನಿಯಲ್ಲಿ ಓದಿದೆ. ಜನ ಅಹಾ ಎಂದರು. ಅದೃಷ್ಟಕ್ಕೆ ದಸ್ತಗಿರಿ ಎರಡು ಡಬ್ಬಿಗೂ ತೆಲುಗಿನಲ್ಲಿ ಒಂದೊಂದು ಚೀಟಿ ಅಂಟಿಸಿದ್ದ. ಅವನು ಓದಿದ್ದು ಆದೋನಿಯ ತೆಲುಗು ಶಾಲೆಯಲ್ಲಿ. ನೀಲಿ ಮುಚ್ಚಳದ ಮೇಲೆ 'ಇದಿ ಜಿಡ್ಡು ಮುಖಾನಿಕಿ'. ಗುಲಾಬಿಯ ಮೇಲೆ 'ಇದಿ ಪೊಡಿ ಮುಖಾನಿಕಿ'.

ನನ್ನ ಸಂಭ್ರಮ ನೋಡಬೇಕಿತ್ತು! ಜಿಡ್ಡು ಅಂದರೆ ಜಿಡ್ಡೇ, ಎರಡೂ ಭಾಷೆಗೆ ಒಂದೇ. ಇನ್ನು ಪೊಡಿ ಅಂದರೆ ಪುಡಿ. ಕಂದಿಪೊಡಿ, ಕಾರಪ್ಪೊಡಿ, ಪಾಲಪೊಡಿ, ಆದೋನಿಯ ಎಷ್ಟು ಅಂಗಡಿಯಲ್ಲಿ ಕೊಂಡಿಲ್ಲ ನಾನು? ಪುಡಿ ಮುಖಕ್ಕೆ, ಅಂದರೆ ಪುಡಿ ಬಳಿದ ಮುಖಕ್ಕೆ!

"ಭೀಮಾ!" ಎಂದು ಕೂಗಿದೆ. "ಇದು ಆಟದವರಿಗಂತನಽ ಮಾಡ್ಯಾರಲೋ! ಸಫೇದ ಬಳಕೊಂಡ ಮ್ಯಾಲ ಇದನ್ನ ಹಚ್ಚಬೇಕು!"

"ಜಪಾನಿನ್ಯಾಗೂ ಬಯಲಾಟ ಐತೇನ್ರಿ?" ಎಂದ ಭೀಮಲಿಂಗಪ್ಪ, ಕಣ್ಣರಳಿಸಿ.

"ಇಲ್ದಽ ಇರ್ತೈತೇನು?" ಎಂದೆ.

ಆ ಭಾನುವಾರ ಚಾವಡಿಯ ಮುಂದೆ ಬಣ್ಣದ ಪರೀಕ್ಷೆ. ಭೀಮಲಿಂಗಪ್ಪ ಸಫೇದ ಬಳಿದ, ಅರದಾಳ ಬಳಿದ, ಒಣಗಲು ಬಿಟ್ಟ. ಆಮೇಲೆ ನನ್ನ ಮುಖವನ್ನೊಮ್ಮೆ ಭಕ್ತಿಯಿಂದ ನೋಡಿ, ಗುಲಾಬಿ ಡಬ್ಬಿಯಿಂದ ಎರಡು ಬೆರಳು ಕೆನೆ ತೆಗೆದು ಕೆನ್ನೆಗೆ ಉಜ್ಜಿದ. ಮೊದಲು ಸಫೇದ ಗಂಟುಗಂಟಾಯಿತು. ಅರದಾಳ ಅದರೊಳಗೆ ಕಲೆಸಿಕೊಂಡಿತು. 'ಇನ್ನಷ್ಟು ತಿಕ್ಕೋ' ಎಂದು ನಾನೇ ಹುರಿದುಂಬಿಸಿದೆ. ತಿಕ್ಕಿದ. ಕಲಸಿಟ್ಟ ಕಡಲೆಹಿಟ್ಟಿನಂತಾದ ಮುಖದಿಂದ ಒಂದು ಮುದ್ದೆ ಕಳಚಿ ರಾಣಿಯ ಮಡಿಲಿಗೆ ಬಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಗಾಬರಿಯಿಂದ ಒರಟಾಗಿ ಒರೆಸಿಕೊಂಡಾಗ ಹಳೆಯ ಬಿರುಕೆಲ್ಲ ಬಾಯಿ ತೆರೆಯಿತು. ನಗು ನಿಂತಿತು.

"ಓಬಳೇಶ," ಎಂದಷ್ಟೇ ಹೇಳಿ ಏಕಾಂತಪ್ಪ ಮಾಸ್ತರು ಎದ್ದು ಹೋದರು.

ಭೀಮಲಿಂಗಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಸವಕ್ಕ ಒದ್ದೆ ಬಟ್ಟೆಯಿಂದ ಅವನ ಕೆನ್ನೆ ಒತ್ತುತ್ತ, "ಸಾಕು ಬಿಡು. ಪ್ರತಿ ವರ್ಷ ನಿನ್ನ ಮಕ ಸುಲಿಯೋದು ನನ್ನ ಪಾಲಿಗೆ ಬಂದೈತಿ," ಎಂದಳು. ಅವನು ಗೋಡೆಯ ಕಡೆ ತಿರುಗಿ ಕೂತಿದ್ದ, ಕಣ್ಣೀರು ಬಿರುಕಿಗೆ ತಾಗಿದಾಗಲೆಲ್ಲ ಉರಿಗೆ ಹಲ್ಲು ಕಚ್ಚುತ್ತಿದ್ದ. ನಾನು ಮನೆಗೆ ಬಂದು ಜಪಾನಿನವರನ್ನು ಬಾಯಿಗೆ ಬಂದಂತೆ ಬೈದೆ, ದಸ್ತಗಿರಿಯನ್ನೂ ಬೈದೆ. ನನ್ನನ್ನು ಬೈದುಕೊಳ್ಳುವಷ್ಟು ಬುದ್ಧಿ ಇನ್ನೂ ಬಂದಿರಲಿಲ್ಲ.

ಅದು ಬಂದದ್ದು ಆದೋನಿಯ ಔಷಧಿ ಅಂಗಡಿಯಲ್ಲಿ. ನನ್ನ ಹೆಂಡತಿ ಜಾನಕಿಬಾಯಿಗೆ ಕೆಮ್ಮು, ಔಷಧಿ ತರಲು ಹೋಗಿದ್ದೆ. ನನ್ನ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಅಂಗಡಿಯವನು ಆಕೆಯನ್ನು ಕೇಳಿದ:

"ಪೊಡಿ ದಗ್ಗಾ ಅಮ್ಮಾ? ಕಫಂ ಪಡುತುಂದಾ?"

ದಗ್ಗು ಅಂದರೆ ಕೆಮ್ಮು, ಅದು ನನಗೆ ಗೊತ್ತು. ಪೊಡಿ ದಗ್ಗು? ಪುಡಿ ಕೆಮ್ಮು? ಮನುಷ್ಯರು ಪುಡಿ ಕೆಮ್ಮುವುದುಂಟೇ?

"ಪೊಡಿ ದಗ್ಗು ಅಂಟೇ ಏಮಂಡಿ?" ಹಾಗೆಂದರೇನು ಎಂದು ನಾನೇ ನಡುವೆ ಬಾಯಿ ಹಾಕಿದೆ.

"ತಡಿ ಲೇನಿದಿ ಸಾರ್. ಡ್ರೈ."

ತಡಿ ಅಂದರೆ ಪಸೆ. ಪಸೆ ಇಲ್ಲದ್ದು, ಒಣ! ನಾನು ಅವನ ಕೈ ಹಿಡಿದುಕೊಂಡೇ ಕೇಳಿದೆ, ಪೊಡಿ ಮುಖ ಅಂದರೂ ಒಣ ಮುಖವೇ ತಾನೇ? ಅವನು ನಕ್ಕ. ಹೌದು, ಮುಖ ತೊಳೆದು, ಹಸಿ ಆರುವ ಮೊದಲೇ ಬೆರಳ ತುದಿಯಷ್ಟು ಕೆನೆ ಸವರಬೇಕು, ದಿನಾ ಎರಡು ಹೊತ್ತು, ಪೌಡರೋ ಬಣ್ಣವೋ ಏನಿದ್ದರೂ ಅದರ ಮೇಲೆ, ಎಂದು ತೆಲುಗಿನಲ್ಲೇ ಬಿಡಿಸಿ ಹೇಳಿದ. ನಾನು ಬಸ್ ಸ್ಟ್ಯಾಂಡಿಗೆ ಓಡಿದೆ. ಔಷಧಿ ಮರೆತೇಹೋಯಿತು. ಜಾನಕಿಬಾಯಿ ಆ ವಾರವೆಲ್ಲ ಕೆಮ್ಮಿದಳು, ಇವತ್ತಿಗೂ ಆ ಮಾತು ತೆಗೆಯುತ್ತಾಳೆ.

ಈ ಸಲ ನಂಬಿಕೆ ಸಾಲದು, ಪುರಾವೆ ಬೇಕು ಅನ್ನಿಸಿತು. ಪೋಸ್ಟಾಫೀಸಿನ ಬ್ಲಾಟಿಂಗ್ ಪೇಪರನ್ನು ಚೂರು ಮಾಡಿದೆ. ಭೀಮಲಿಂಗಪ್ಪನಿಗೆ ಮುಖ ತೊಳೆಸಿ ಒಂದು ಗಂಟೆ ಕೂರಿಸಿ, ಹಣೆಗೂ ಮೂಗಿಗೂ ಕೆನ್ನೆಗೂ ಒಂದೊಂದು ಚೂರು ಒತ್ತಿದೆ. ಪೇಪರು ಹೇಗಿತ್ತೋ ಹಾಗೇ ಬಂತು, ಒಂದು ಚುಕ್ಕೆ ಎಣ್ಣೆ ಇಲ್ಲ. ನೋಡಲು ಬಂದಿದ್ದ ಓಬಳೇಶನ ಹಣೆಗೂ ಒತ್ತಿದೆ. ಪೇಪರು ಕರಿದ ವಡೆ ಇಟ್ಟ ಕಾಗದದಂತಾಯಿತು.

"ಸಿಕ್ತು!" ಎಂದು ಕುಣಿದೆ. "ಗುಲಾಬಿ ನಿಂದು. ನೀಲಿ ಓಬಳೇಶಂದು!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಪಾತ್ರ ಕಸಿದುಕೊಂಡವನಿಗೆ ಕೆನೆ ಬೇರೆ ಕೊಡಬೇಕೆ? ಭೀಮಲಿಂಗಪ್ಪ ನೀಲಿ ಡಬ್ಬಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ಓಬಳೇಶನ ಕಡೆ ಚಾಚಿದ.

"ತಗೋ. ನನ್ನ ಮಕಕ್ಕ ಇದು ಬರಂಗಿಲ್ಲ. ನಿಂದು ಬೆವತು ಬಣ್ಣ ಜಾರ್ತೈತಿ."

"ತಗಂತೀನಿ," ಎಂದ ಓಬಳೇಶ. "ಆದ್ರ ಪಾತ್ರ ಬಿಡಂಗಿಲ್ಲ ನೋಡು, ಈಗಽ ಹೇಳೀನಿ."

"ಬಿಡಬ್ಯಾಡ. ನಾನಽ ಕಸಗಂತೀನಿ."

ಅವನ ಬಾಯಲ್ಲಿ ಅಂಥ ಮಾತು ನಾನು ಅದೇ ಮೊದಲು ಕೇಳಿದ್ದು. ಕೂಡಲೇ ಮಾಸ್ತರರ ಮನೆಗೆ ಹೋಗಿ, ತಪ್ಪು ಅವನದಲ್ಲ, ನನ್ನ ತೆಲುಗಿನದು ಎಂದು ಒಪ್ಪಿಕೊಂಡೆ. ನಾನು ತಪ್ಪು ಒಪ್ಪಿಕೊಂಡದ್ದನ್ನು ಕಂಡು ಅವರಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಇಪ್ಪತ್ತು ದಿನ ಬಿಟ್ಟು ಇನ್ನೊಂದು ಪರೀಕ್ಷೆಗೆ ಹೂಂ ಅಂದುಬಿಟ್ಟರು. "ಇದಽ ಕೊನೀದು. ಆಮ್ಯಾಲ ನನ್ನ ಮನಿ ಬಾಗಲಿಗೆ ಬರಬಾರ್ದು," ಎಂದರು.

ಇಪ್ಪತ್ತು ದಿನ! ಊರಿಗೆ ಬೇರೆ ಸುದ್ದಿಯೇ ಇರಲಿಲ್ಲ. ಭೀಮಲಿಂಗಪ್ಪ ಡಬ್ಬಿಯನ್ನು ರುಮಾಲಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡೇ ಕುರಿ ಕಾಯಲು ಹೋಗುತ್ತಿದ್ದ. ಹಳ್ಳದ ಗುಂಡಿಯಲ್ಲಿ ಮುಖ ತೊಳೆದು, ಹಸಿ ಇರುವಾಗಲೇ ಕೆನೆ ಸವರಿ, ಬಿಸಿಲು ತಾಗದ ಹಾಗೆ ಕಂಬಳಿ ಮುಸುಕು ಹಾಕಿಕೊಳ್ಳುತ್ತಿದ್ದ. ಪರಿಮಳಕ್ಕೆ ಕುರಿಗಳು ಮೂಸಲು ಬಂದರೆ ಗದರಿಸಿ ಓಡಿಸುತ್ತಿದ್ದ. ಎಂಟನೇ ದಿನಕ್ಕೆ ಹೊಟ್ಟು ಏಳುವುದು ನಿಂತಿತು. ಹದಿಮೂರಕ್ಕೆ ಬಾಯಿ ಪಕ್ಕದ ಬಿರುಕು ಕೂಡಿತು. ದಿನಾ ಸಂಜೆ ಪೋಸ್ಟಾಫೀಸಿಗೆ ಬಂದು ಮುಖ ತೋರಿಸುತ್ತಿದ್ದ, ನಾನು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ. ಊರಿನ ಹೆಂಗಸರು ತಮ್ಮದು ಯಾವ ಮುಖ ಎಂದು ತಿಳಿಯಲು ಸಾಲುಗಟ್ಟಿದರು. ಬ್ಲಾಟಿಂಗ್ ಪೇಪರು ಮುಗಿದೇ ಹೋಯಿತು. ಅದು ಎಲ್ಲಿ ಹೋಯಿತೆಂದು ಮೇಲಿನವರು ಕೇಳಿದಾಗ ಮಸಿ ಚೆಲ್ಲಿತ್ತು ಎಂದು ಬರೆದೆ.

ಹದಿನೇಳನೇ ದಿನ ಡಬ್ಬಿಯ ತಳ ಕಂಡಿತು. ಉಳಿದದ್ದನ್ನು ಪರೀಕ್ಷೆಯ ದಿನಕ್ಕೆಂದು ಎತ್ತಿಟ್ಟು, ಮೂರು ದಿನ ಅವನು ಮುಸುಕು ತೆಗೆಯಲೇ ಇಲ್ಲ. ಊಟವನ್ನೂ ಮುಸುಕಿನೊಳಗೇ ಮಾಡಿದ.

ಭಾನುವಾರ ಮಧ್ಯಾಹ್ನ ಚಾವಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಅವನು ಮುಖ ತೊಳೆದ. ಡಬ್ಬಿಯ ಮೂಲೆಯಲ್ಲಿದ್ದ ಕೊನೆಯ ಕೆನೆಯನ್ನು ಕಿರುಬೆರಳಿನಿಂದ ಕೆರೆದು ಸವರಿದ. ಅದರ ಮೇಲೆ ಸಫೇದ, ಅರದಾಳ, ಕೆನ್ನೆಗೆ ಇಂಗಳೀಕ. ಬಣ್ಣ ಗೋಡೆಗೆ ಸುಣ್ಣ ಹಿಡಿದಂತೆ ಹಿಡಿಯಿತು! ಓಬಳೇಶ ಕೂಡ ಬಾಯಿ ತೆರೆದು ನೋಡುತ್ತಿದ್ದ. ಆಮೇಲೆ ಕಾಯುವುದು ಶುರುವಾಯಿತು. ಬಿಸಿಲು ಇಳಿಯಲೊಲ್ಲದು. ಭೀಮಲಿಂಗಪ್ಪ ನಗಲಿಲ್ಲ, ಮಾತಾಡಲಿಲ್ಲ, ಮುಖದ ಮೇಲೆ ಕೂತ ನೊಣವನ್ನೂ ಓಡಿಸಲಿಲ್ಲ. ನನಗೇ ತಡೆಯಲಾಗದೆ ನಾಲ್ಕು ಸಲ ಗಡಿಯಾರ ನೋಡಲು ಮನೆಗೆ ಹೋಗಿಬಂದೆ.

ಹೊತ್ತು ಮುಳುಗಿತು. "ತಗೀರಿ," ಎಂದರು ಮಾಸ್ತರು.

ಬಸವಕ್ಕ ಶೇಂಗಾ ಎಣ್ಣೆಯ ಬಟ್ಟಲು ಹಿಡಿದು ಮುಂದೆ ಬಂದಳು. ಪ್ರತಿ ವರ್ಷ ಬಣ್ಣ ತೆಗೆಯುವವಳು ಆಕೆಯೇ. ಹಣೆ ಒರೆಸಿದಳು, ಮೂಗು ಒರೆಸಿದಳು, ಕೆನ್ನೆಯ ಹತ್ತಿರ ಬಂದು ನಿಂತಳು. ಕಣ್ಣು ಮುಚ್ಚಿಕೊಂಡೇ ಒಂದು ಸಲ ಎಳೆದು, ಅರಿವೆಯನ್ನು ಬಿಚ್ಚಿ ನೋಡಿದಳು. ಬಿಳಿ ಇತ್ತು, ಹಳದಿ ಇತ್ತು, ಕೆಂಪೂ ಇತ್ತು. ಆ ಕೆಂಪನ್ನು ಬೆರಳಿಂದ ತಿಕ್ಕಿ ನೋಡಿದಳು, ಮೂಸಿ ನೋಡಿದಳು.

"ಇಂಗಳೀಕ," ಎಂದಳು. ಆಮೇಲೆ ಚಾವಡಿಗೆಲ್ಲ ಕೇಳುವಂತೆ ಕೂಗಿದಳು, "ಇಂಗಳೀಕಽ ಐತ್ರೀ! ರಗತ ಅಲ್ಲ!"

ಮಾಸ್ತರು ಬಂದು ಹೆಬ್ಬೆರಳಿನಿಂದ ಆ ಕೆನ್ನೆಯನ್ನು ಒತ್ತಿ ನೋಡಿದರು. ಇನ್ನೊಂದು ಕೆನ್ನೆಯನ್ನೂ ನೋಡಿದರು. ಹದಿನಾಲ್ಕು ವರ್ಷದಲ್ಲಿ ಅವನನ್ನು ಹೊಗಳದವರು, ಆವತ್ತೂ ಹೊಗಳಲಿಲ್ಲ. "ನಾಳಿಂದ ತಾಲೀಮಿಗೆ ಬಾ, ರಾಣಿ," ಎಂದರು.

ಜನ ಕೇಕೆ ಹಾಕಿದರು, ನಾನು ಎಲ್ಲರಿಗಿಂತ ಹೆಚ್ಚು ಹಾಕಿದೆ. ಆ ಗದ್ದಲದ ನಡುವೆ ಭೀಮಲಿಂಗಪ್ಪ ಮಾತ್ರ ಕೂತಲ್ಲೇ ಕೂತಿದ್ದ. ಕಣ್ಣೀರು ಆ ಕೆನ್ನೆಗಳ ಮೇಲೆ ಇಳಿಯುತ್ತಿತ್ತು. ಬಸವಕ್ಕ ಗಾಬರಿಯಾಗಿ ಅರಿವೆ ಹಿಡಿದು ಒರೆಸಲು ಹೋದಳು. ಅವನು ಅವಳ ಕೈ ಹಿಡಿದು ತಡೆದ.

"ಇರ್ಲಿ ಬಿಡು, ಬಸವೀ," ಎಂದ. "ಉರಿವಲ್ದು."